ಎಂಜಿನ್ ಓಡುವ ದಿನವೇ ಹೋಗಿ

ಲಂಡನ್ನಿನ ಆಗ್ನೇಯ ಅಂಚಿನಲ್ಲಿ, ಥೇಮ್ಸ್ ದಂಡೆಯ ಮೇಲೆ ಕ್ರಾಸ್‌ನೆಸ್ ಎಂಬ ಹಳೆಯ ಪಂಪಿಂಗ್ ಸ್ಟೇಷನ್ ಇದೆ. ಮೊದಲ ಸಲ ಸುಮ್ನೆ ಒಂದು ರಜಾದಿನ ಹೋದೆ. ಅಲ್ಲಿನ ಹಬೆ ಎಂಜಿನ್ ನಿಂತೇ ಇತ್ತು. ಎರಡನೇ ಸಲ ಹಬೆಯಲ್ಲಿ ಓಡಿಸುವ ದಿನ ನೋಡಿಕೊಂಡು, ಟಿಕೆಟ್ ಮೊದಲೇ ತೆಗೆದುಕೊಂಡು ಹೋದೆ. ಇಳಿಯಬೇಕಾದ್ದು ಅಬ್ಬೀ ವುಡ್ ಸ್ಟೇಷನ್ನಿನಲ್ಲಿ.

ಇದು ಕುಡಿಯುವ ನೀರಿನ ಪಂಪ್ ಅಲ್ಲ, ಊರಿನ ಕೊಳಚೆಯದು. 1858ರ ಬೇಸಿಗೆಯಲ್ಲಿ ಥೇಮ್ಸ್ ಎಷ್ಟು ನಾರಿತೆಂದರೆ ಪಾರ್ಲಿಮೆಂಟಿನಲ್ಲಿ ಕೂರುವುದೇ ಕಷ್ಟವಾಯಿತು. ಆಮೇಲೆ ಎಂಜಿನಿಯರ್ ಜೋಸೆಫ್ ಬಜಲ್ಗೆಟ್ ಊರಿನಡಿ ದೊಡ್ಡ ಚರಂಡಿಗಳನ್ನು ಕಟ್ಟಿಸಿದರು. ಇಳಿಜಾರಿನಲ್ಲಿ ಹರಿದ ಕೊಳಚೆ ಕ್ರಾಸ್‌ನೆಸ್ ತಲುಪುವಷ್ಟರಲ್ಲಿ ತುಂಬಾ ಆಳಕ್ಕೆ ಹೋಗಿರುತ್ತಿತ್ತು. ಅದನ್ನು ಮೇಲೆತ್ತಿ ತೊಟ್ಟಿಗೆ ತುಂಬಿಸಿ, ಸಮುದ್ರದ ಇಳಿತದ ಹೊತ್ತು ನೋಡಿ ನದಿಗೆ ಬಿಡುತ್ತಿದ್ದರು. ಹಾಗೆ ಎತ್ತಲು 1865ರಲ್ಲಿ ನಾಲ್ಕು ಎಂಜಿನ್: ವಿಕ್ಟೋರಿಯಾ, ಪ್ರಿನ್ಸ್ ಕಾನ್ಸರ್ಟ್, ಆಲ್ಬರ್ಟ್ ಎಡ್ವರ್ಡ್, ಅಲೆಕ್ಸಾಂಡ್ರಾ. ಕೊಳಚೆ ಎತ್ತುವ ಯಂತ್ರಕ್ಕೆ ರಾಜಮನೆತನದ ಹೆಸರು! ಆ ಕೆಲಸಕ್ಕೆ ಅಷ್ಟು ಮರ್ಯಾದೆ ಕೊಟ್ಟಿದ್ದು ನನಗೆ ತುಂಬಾ ಹಿಡಿಸಿತು.

ನಾನು ಹೋದಾಗ ಓಡುತ್ತಿದ್ದದ್ದು ಪ್ರಿನ್ಸ್ ಕಾನ್ಸರ್ಟ್. ಸ್ವಯಂಸೇವಕರು ವರ್ಷಗಟ್ಟಲೆ ತುಕ್ಕು ಕೆರೆದು, ಪಂಪಿನ ಗುಂಡಿಗೆ ಸುರಿದಿದ್ದ ಮರಳನ್ನೆಲ್ಲ ಹೊರಗೆ ಹಾಕಿ, 2003ರಲ್ಲಿ ಅದನ್ನು ಮತ್ತೆ ಓಡಿಸಿದ್ದರು.

ನೀವು ಹೋದರೆ ಮೊದಲು ಮೇಲಿನ ಅಂತಸ್ತಿಗೆ ಹತ್ತಿ. ಅಲ್ಲಿ 47 ಟನ್ನಿನ ಕಬ್ಬಿಣದ ತೊಲೆ ನಿಮ್ಮ ಮುಂದೆಯೇ ಏರಿ ಇಳಿಯುತ್ತದೆ. ನನಗೆ ತಕ್ಷಣ ನೆನಪಾಗಿದ್ದು ಬಾವಿಕಟ್ಟೆಯ ಏತ. ಒಂದು ತುದಿ ಬಾಗಿದರೆ ಇನ್ನೊಂದು ತುದಿ ಏಳುತ್ತದೆ, ಅದೇ ಲೆಕ್ಕ. ಏತದ ಮೇಲೆ ಆಳು ನಡೆಯುತ್ತಿದ್ದ, ಇಲ್ಲಿ ಹಬೆ ತಳ್ಳುತ್ತದೆ. ಭಾರೀ ಗದ್ದಲ ಇರುತ್ತೆ ಅಂದುಕೊಂಡಿದ್ದೆ. ಇಲ್ಲ. ನಿದ್ದೆಯಲ್ಲಿರುವ ಎಮ್ಮೆ ಉಸಿರು ಬಿಟ್ಟ ಹಾಗೆ ಒಂದು ಸದ್ದು, ಬಿಸಿ ಎಣ್ಣೆಯ ವಾಸನೆ, ಅಷ್ಟೇ. ಕೆಳಗೆ 52 ಟನ್ನಿನ ಚಕ್ರ ನಿಧಾನಕ್ಕೆ ಸುತ್ತುತ್ತಿತ್ತು.

ಆಮೇಲೆ ನಡುವಿನ ಎಂಟು ಮೂಲೆಯ ಅಂಗಳಕ್ಕೆ ಇಳಿದೆ. ಬಣ್ಣ ಬಳಿದ ಎರಕದ ಕಂಬಗಳು, ಎಲೆ ಬಳ್ಳಿಯ ಜಾಲರಿ. ಜನ ಜಾಸ್ತಿ ಫೋಟೊ ತೆಗೆಯೋದು ಇಲ್ಲೇ. ನಾನು ಜಾಸ್ತಿ ಹೊತ್ತು ನಿಂತಿದ್ದು ಮಾತ್ರ ವಿಕ್ಟೋರಿಯಾ ಎದುರು. ಅದು ಇನ್ನೂ ರಿಪೇರಿಯಲ್ಲಿತ್ತು. ಒಂದು ದೊಡ್ಡ ನಟ್ಟಿನ ಅರ್ಧ ಭಾಗ ತುಕ್ಕು ಹಕ್ಕಳೆ ಎದ್ದು ಕೆಂಪಗಿತ್ತು, ಇನ್ನರ್ಧ ಯಾರೋ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದರು. ಪಕ್ಕದಲ್ಲೇ ತಂತಿ ಬ್ರಷ್ಷು ಇತ್ತು.