ಎಂಎಲ್‌ಟಿ ಮೊದಲ ವರ್ಷ: ಪದಗಳು, ಪಿಪೆಟ್ ಮತ್ತು ವೈವಾ

ಕನ್ನಡ ಮಾಧ್ಯಮದಿಂದ ಬಿಎಸ್ಸಿ ಎಂಎಲ್‌ಟಿಗೆ (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ) ಬಂದವರನ್ನು ಹೆದರಿಸುವುದು ವಿಷಯವಲ್ಲ, ಪದಗಳು. ಉರು ಹೊಡೆಯಬೇಡಿ, ಒಡೆದು ನೋಡಿ: ‘ಹೆಪಟ್’ ಎಂದರೆ ಯಕೃತ್ತು, ‘ಐಟಿಸ್’ ಎಂದರೆ ಉರಿಯೂತ, ಹೆಪಟೈಟಿಸ್ ಬಿಡಿಸಿಕೊಂಡಿತು. ದಿನಕ್ಕೆ ಐದು ಪದ ಸಾಕು.

ಪ್ರಾಕ್ಟಿಕಲ್‌ನಲ್ಲಿ ಕೈ ತಪ್ಪುವುದು ಹೆಚ್ಚಾಗಿ ಕೆಂಪು ರಕ್ತಕಣ ಎಣಿಸುವಾಗ. ಆರ್‌ಬಿಸಿ (ಕೆಂಪು ರಕ್ತಕಣ) ಪಿಪೆಟ್ ಎಂಬ ಗುರುತು ಹಾಕಿದ ಗಾಜಿನ ನಳಿಕೆಗೆ ರಕ್ತವನ್ನು 0.5 ಗುರುತಿನವರೆಗೆ, ರಕ್ತವನ್ನು ತೆಳುವಾಗಿಸುವ ಹೇಯಮ್ ದ್ರವವನ್ನು 101ರವರೆಗೆ ಎಳೆಯಿರಿ. ನಡುವೆ ಗಾಳಿಗುಳ್ಳೆ ಬಂದರೆ ಮತ್ತೆ ಮೊದಲಿನಿಂದ ಮಾಡಿ. ಚೆನ್ನಾಗಿ ಬೆರೆಸಿ, ಮೊದಲ ಕೆಲವು ಹನಿ ಚೆಲ್ಲಿ. ಏಕೆಂದರೆ ಪಿಪೆಟ್‌ನ ತೆಳು ಕೊಳವೆಯಲ್ಲಿ ಉಳಿದಿರುವುದು ಬರೀ ದ್ರವ, ಅದರಲ್ಲಿ ಕಣಗಳಿರುವುದಿಲ್ಲ. ಕಣ ಎಣಿಸಲು ಚೌಕಗಳನ್ನು ಕೊರೆದ ಗಾಜಿನ ನ್ಯೂಬಾರ್ ಚೇಂಬರಿಗೆ ಹಾಕಿದ್ದು ಪಕ್ಕದ ಕಾಲುವೆಗೆ ತುಂಬಿ ಹರಿದರೆ ಒರೆಸಿ, ಹೊಸದಾಗಿ ತುಂಬಿ. ಕಣಗಳು ಕೆಳಗಿಳಿದು ಕೂರಲು ಎರಡು ಮೂರು ನಿಮಿಷ ಬಿಡಿ. 80 ಸಣ್ಣ ಚೌಕಗಳಲ್ಲಿ ಎಣಿಸಿ. ಎಡ ಮತ್ತು ಮೇಲಿನ ಗೆರೆ ತಾಗಿದ ಕಣ ಲೆಕ್ಕಕ್ಕೆ, ಬಲ ಮತ್ತು ಕೆಳಗಿನವು ಬೇಡ.

ಬಂದ ಸಂಖ್ಯೆಯನ್ನು 10,000ದಿಂದ ಗುಣಿಸಿದರೆ ಒಂದು ಘನ ಮಿಲಿಮೀಟರ್ ರಕ್ತದಲ್ಲಿರುವ ಕಣಗಳ ಲೆಕ್ಕ ಸಿಗುತ್ತದೆ. ಏಕೆ 10,000 ಎಂಬುದೇ ವೈವಾದ (ಮೌಖಿಕ ಪರೀಕ್ಷೆ) ಅಚ್ಚುಮೆಚ್ಚಿನ ಪ್ರಶ್ನೆ: ರಕ್ತ 200 ಪಟ್ಟು ತೆಳುವಾಗಿದೆ, 80 ಚೌಕಗಳ ಗಾತ್ರ ಒಂದು ಘನ ಮಿಲಿಮೀಟರಿನ ಐವತ್ತನೇ ಒಂದು ಭಾಗ, 200×50.