ಆಪರೇಷನ್ ಆದ ಮೇಲಿನ ಖರ್ಚು

ಕರುಳಿನ ಆಪರೇಷನ್‌ಗೆ ಅಂತ ಹಣ ಕೇಳಿದರೆ ಜನ ಕೊಡುತ್ತಾರೆ. ಆಮೇಲೆ ತಿಂಗಳು ತಿಂಗಳು ಬೇಕಾಗುವ, ಹೊಟ್ಟೆಗೆ ಅಂಟಿಸಿಕೊಂಡು ಮಲ ಹಿಡಿಯುವ ಚೀಲಕ್ಕೆ ಕೇಳಲು ನಾಲಿಗೆಯೇ ಹೊರಳುವುದಿಲ್ಲ. ಮಲದ ವಿಷಯ ಅಲ್ವಾ? ನಾನು ದಾವಣಗೆರೆಯಲ್ಲಿ ಸರ್ಜರಿ ವಾರ್ಡಿನ ನರ್ಸ್. ಸ್ಟೋಮಾ ಇರುವವರಿಗಾಗಿ ನಾವು ಕೆಲವರು ಸೇರಿ ಒಂದು ಸಣ್ಣ ನಿಧಿ ನಡೆಸುತ್ತಿದ್ದೇವೆ. ಬೇರೆ ಊರಲ್ಲೂ ಯಾರಾದರೂ ಶುರು ಮಾಡಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದಿರುತ್ತಾರೆ, ಅದೇ ಸ್ಟೋಮಾ. ಗುದನಾಳದ ಕ್ಯಾನ್ಸರ್, ಕರುಳು ತೂತಾಗುವುದು, ಕರುಳಿನ ಟಿ.ಬಿ., ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಗಳು, ಹೀಗೆ ಕಾರಣ ಹಲವು. ಮಲ ಅಲ್ಲಿಂದಲೇ ಬರುತ್ತದೆ, ತಡೆದುಕೊಳ್ಳಲು ಆಗುವುದಿಲ್ಲ. ಆಯುಷ್ಮಾನ್ ಯೋಜನೆಯಲ್ಲಿ ಆಪರೇಷನ್ ಆಗುತ್ತದೆ, ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿಯೂ ಸಿಗುತ್ತದೆ. ಆದರೆ ಚೀಲ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ಜೀವನಪೂರ್ತಿ. ಅಂಗಡಿಯ ಪ್ಲಾಸ್ಟಿಕ್ ಕವರನ್ನು ಹಳೇ ಸೀರೆಯ ಪಟ್ಟಿಯಲ್ಲಿ ಹೊಟ್ಟೆಗೆ ಕಟ್ಟಿಕೊಂಡು ಬಂದವರನ್ನು ನೋಡಿದ್ದೇನೆ. ಬಿಚ್ಚಿದರೆ ಸುತ್ತಲಿನ ಚರ್ಮ ಸುಟ್ಟ ಹಾಗೆ ಕೆಂಪಗಾಗಿ ನೀರು ಒಸರುತ್ತಿರುತ್ತದೆ. ಆ ಚರ್ಮದ ಮೇಲೆ ಹೊಸ ಚೀಲವೂ ಅಂಟುವುದಿಲ್ಲ.

ಹಣ ಕೇಳುವ ರೀತಿ ಬದಲಿಸಿದೆವು. ‘ರೋಗಿಗಳ ನೆರವಿಗೆ’ ಅನ್ನುವುದನ್ನು ಬಿಟ್ಟು ‘ಒಬ್ಬರಿಗೆ ಒಂದು ತಿಂಗಳ ಚೀಲ’ ಅಂತ ಕೇಳತೊಡಗಿದೆವು. ಇದು ಕೆಲಸ ಮಾಡಿತು. ಮದುವೆ ದಿನ, ಅಪ್ಪ ಅಮ್ಮನ ತಿಥಿ, ಮಕ್ಕಳ ಹುಟ್ಟುಹಬ್ಬ ಅಂತ ಜನ ತಾವೇ ತಿಂಗಳು ಆರಿಸಿಕೊಳ್ಳುತ್ತಾರೆ. ಲೆಕ್ಕಪತ್ರವನ್ನು ಒಂದು ನೋಂದಾಯಿತ ಟ್ರಸ್ಟಿನ ಮೂಲಕವೇ ಇಟ್ಟಿದ್ದೇವೆ. ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ದಾನಕ್ಕಿರುವ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಹೊರದೇಶದಲ್ಲಿರುವ ನಮ್ಮೂರಿನವರೂ ಕೇಳುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು. ಅಲ್ಲಿನ ಪೌರತ್ವ ಪಡೆದವರದ್ದಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಬೇಕು. ನಮಗೆ ಅದಿಲ್ಲ, ಹಾಗಾಗಿ ವಿನಯದಿಂದ ಬೇಡ ಅನ್ನುತ್ತೇವೆ.

ಚೀಲವನ್ನು ಸುಮ್ನೆ ಕೈಗಿಟ್ಟು ಕಳಿಸಿದರೆ ಪ್ರಯೋಜನವಿಲ್ಲ. ಆಪರೇಷನ್ ಆದ ಮೊದಲ ಆರೆಂಟು ವಾರದಲ್ಲಿ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ. ಹಳೇ ಅಳತೆಗೇ ಚೀಲದ ತೂತು ಕತ್ತರಿಸಿದರೆ ಸುತ್ತ ಸಂದು ಉಳಿದು ಮಲ ಚರ್ಮಕ್ಕೆ ತಾಗುತ್ತದೆ. ಅದಕ್ಕೇ ಪ್ರತಿಯೊಬ್ಬರಿಗೂ ರಟ್ಟಿನ ತುಂಡಿನಲ್ಲಿ ಅವರದೇ ಅಳತೆ ಮಾಡಿಕೊಡುತ್ತೇನೆ, ಬಂದಾಗಲೆಲ್ಲ ಹೊಸದು. ಮೂರನೇ ಒಂದು ಭಾಗ ತುಂಬುತ್ತಲೇ ಖಾಲಿ ಮಾಡಿ ಅನ್ನುತ್ತೇನೆ, ಭಾರ ಜಾಸ್ತಿಯಾದರೆ ಅಂಟು ಬಿಡುತ್ತದೆ. ಸಣ್ಣ ಕರುಳಿನ ಸ್ಟೋಮಾ ಇದ್ದವರಿಗೆ ನೀರು, ಉಪ್ಪು ಬೇಗ ಇಳಿದುಹೋಗುತ್ತದೆ, ಅವರ ಚೀಲದ ಜೊತೆ ಓಆರ್‌ಎಸ್ ಪೊಟ್ಟಣವನ್ನೂ ಹಾಕುತ್ತೇವೆ.

ಕೆಲವೊಮ್ಮೆ ತೀರಿಕೊಂಡವರ ಮನೆಯವರು ಉಳಿದ ಚೀಲಗಳನ್ನು ತಂದುಕೊಡುತ್ತಾರೆ. ಒಬ್ಬ ಮಗ ಅಪ್ಪನ ಪೆಟ್ಟಿಗೆಯನ್ನು ಹಾಗೇ ತಂದಿದ್ದ. ಸ್ಟೋಮಾ ಸುತ್ತ ಹಚ್ಚುವ ಪೇಸ್ಟಿನ ಅರ್ಧ ಬಳಸಿದ ಟ್ಯೂಬು, ಸಣ್ಣ ಕತ್ತರಿ, ನಾನೇ ಪೆನ್ನಿನಲ್ಲಿ ಅಳತೆ ಬರೆದುಕೊಟ್ಟಿದ್ದ ರಟ್ಟು ಎಲ್ಲಾ ಅದರಲ್ಲಿತ್ತು. ನಾವು ತೆಗೆದುಕೊಳ್ಳುವುದು ಸೀಲ್ ಒಡೆಯದ ಚೀಲ ಮಾತ್ರ. ಎಕ್ಸ್‌ಪೈರಿ ನೋಡುತ್ತೇವೆ, ತಗಡಿನ ಮನೆಯಲ್ಲಿ ಬೇಸಿಗೆಯಿಡೀ ಇದ್ದದ್ದಾದರೆ ಒಂದನ್ನು ಬಿಚ್ಚಿ ಅಂಟು ಪರೀಕ್ಷಿಸುತ್ತೇವೆ.

ಸಂಶೋಧನೆಗೆ ನಮ್ಮಂಥವರು ಏನು ಕೊಡಬಹುದು? ದೊಡ್ಡ ಲ್ಯಾಬ್ ಕಟ್ಟಿಸಲು ನಮ್ಮಿಂದಾಗದು. ಆದರೆ ಕರುಳಿನ ಕಾಯಿಲೆಯ ಅಧ್ಯಯನದಲ್ಲಿ ಡಾಕ್ಟರಿಗೆ ರೋಗಿ ಮತ್ತೆ ಮತ್ತೆ ಬೇಕು. ಆರು ತಿಂಗಳಿಗೆ, ವರ್ಷಕ್ಕೆ ಹೇಗಿದ್ದಾರೆ ಅಂತ ಗೊತ್ತಾಗದಿದ್ದರೆ ಮೊದಲು ತೆಗೆದ ರಕ್ತ, ಬರೆದ ಹಾಳೆ ಎಲ್ಲಾ ಅರೆಬರೆ. ಜಗಳೂರು, ಹರಪನಹಳ್ಳಿ ಕಡೆಯವರು ಬರದೇ ಇರುವುದು ಉದಾಸೀನದಿಂದಲ್ಲ. ಬಸ್ ಚಾರ್ಜು, ಜೊತೆಗೆ ಒಬ್ಬರ ದಿನದ ಕೂಲಿ ಹೋಗುತ್ತದೆ. ಆ ಎರಡನ್ನೂ ನಿಧಿಯಿಂದ ಕೊಡಲು ಶುರು ಮಾಡಿದೆವು. ಅಧ್ಯಯನಕ್ಕೆ ಒಪ್ಪುವುದು ಬಿಡುವುದು ಅವರಿಷ್ಟ, ಒಪ್ಪದವರಿಗೂ ಚೀಲ ಅಷ್ಟೇ ಸಿಗುತ್ತದೆ. ಇದನ್ನು ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳುತ್ತೇನೆ, ಯಾಕೆಂದರೆ ನೆರವು ಪಡೆದವರಿಗೆ ಇಲ್ಲ ಅನ್ನಲು ಸಂಕೋಚ.

ಈಗ ತಪಾಸಣೆ ದಿನ ಗೊತ್ತು ಮಾಡುವ ಮುಂಚೆ ಡಾಕ್ಟರು ನಮ್ಮನ್ನು ಕೇಳುತ್ತಾರೆ. ಮೆಕ್ಕೆಜೋಳ ಕೊಯ್ಲಿನ ವಾರಗಳನ್ನು ಬಿಟ್ಟು ಇಡಿ ಅನ್ನುತ್ತೇವೆ.