ಗೂಡುದೀಪದ ನೀಲಿ ಎಲ್‌ಇಡಿ ಹೊತ್ತಿದ್ದು ಹೀಗೆ

ದೀಪಾವಳಿಗೆ ಮಗಳು ಬಿದಿರು ಕಡ್ಡಿ, ಬಣ್ಣದ ಕಾಗದದಲ್ಲಿ ಪುಟ್ಟ ಗೂಡುದೀಪ ಮಾಡಿದ್ದಳು. ಒಳಗೆ ತಂತಿಯ ಬದಲು ತಾಮ್ರದ ಟೇಪ್, ನಾಣ್ಯದಂಥ ಪುಟ್ಟ ಸಿಆರ್2032 ಬಟನ್ ಸೆಲ್, ಒಂದು ಕೆಂಪು, ಒಂದು ನೀಲಿ ಎಲ್‌ಇಡಿ. ಕೆಂಪು ಚೆನ್ನಾಗಿ ಉರಿಯಿತು. ನೀಲಿ ಹೊತ್ತಲೇ ಇಲ್ಲ. ಅವಳ ಮುಖ ಸಪ್ಪಗಾಯಿತು.

ಕೆಂಪು ತೆಗೆದು ನೋಡಿದೆ, ನೀಲಿ ಹೊತ್ತಿಕೊಂಡಿತು! ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ನೀಲಿಗೆ 3ರ ಹತ್ತಿರ ಬೇಕು. ಎರಡನ್ನೂ ಒಂದೇ ಸೆಲ್‌ಗೆ ಅಕ್ಕಪಕ್ಕ ಜೋಡಿಸಿದರೆ ಕೆಂಪು ವೋಲ್ಟೇಜನ್ನು ಕೆಳಗೆ ಎಳೆಯುತ್ತದೆ, ನೀಲಿಗೆ ಸಾಲುವುದಿಲ್ಲ. ಹಾಗಾಗಿ ಬಣ್ಣಕ್ಕೊಂದು ಸೆಲ್ ಕೊಟ್ಟೆವು.

ಆದರೂ ನೀಲಿ ಮಿಣುಕುತ್ತಿತ್ತು. ಮೂಲೆಯಲ್ಲಿ ಟೇಪ್ ತುಂಡಾಗಿ, ಅದರ ಮೇಲೆ ಇನ್ನೊಂದು ತುಂಡು ಅಂಟಿತ್ತು. ನಮ್ಮ ಟೇಪಿನ ಅಂಟಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಈ ಸಲ ಒಂದೇ ಉದ್ದನೆ ಪಟ್ಟಿ ತೆಗೆದುಕೊಂಡು, ಕತ್ತರಿಸದೆ ಮೂಲೆಯಲ್ಲಿ ಮಡಚಿ, ಉಗುರಿನಿಂದ ಗಟ್ಟಿಯಾಗಿ ಉಜ್ಜಿದಳು. ದೀಪ ನಿಂತು ಉರಿಯಿತು. ಆ ಖುಷಿ ಅಂಗಡಿಯ ದೀಪದಲ್ಲಿ ಎಲ್ಲಿ ಸಿಗುತ್ತದೆ, ಅಲ್ವಾ?

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಸೆಲ್ ಕೈಗೆ ಸಿಗದಂತೆ ಭದ್ರವಾಗಿ ಮುಚ್ಚಿಡಿ. ನುಂಗಿದರೆ ಜೀವಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಓಡಬೇಕು.